ಹಾಯಿದೋಣಿಗೊಂದು ಒಲೆ

ಆ ದಿನವೂ ಎದ್ದಾಗ ಐದೂವರೆ. ಬಚ್ಚಲೊಲೆಯ ಬೂದಿಯನ್ನು ಬುಟ್ಟಿಗೆ ತೆಗೆದು, ಹಂಡೆಗೆ ನೀರು ತುಂಬಿ, ತೆಂಗಿನ ಸಿಪ್ಪೆಗೆ ಬೆಂಕಿ ತಾಗಿಸಿದೆ. ಬಾಗಿಲಿಗೆ ನೀರು ಹಾಕಿ ಸಣ್ಣದೊಂದು ರಂಗೋಲಿ ಬಿಟ್ಟೆ. ದೊಡ್ಡದು ಬಿಡುವ ಉಮೇದು ಆ ವರ್ಷ ಹಬ್ಬದ ದಿನವೂ ಇರಲಿಲ್ಲ. ಹಾಲು ಕಾಯಿಸಿ, ಅತ್ತೆಗೆ ಕಾಫಿ ಕೊಟ್ಟು, ಮಗಳಿಗೆ ಎರಡು ಜಡೆ ಹಾಕಿದೆ. ರಿಬ್ಬನ್ನಿನ ತುದಿ ನೂಲು ಬಿಟ್ಟಿತ್ತು, ಅದನ್ನು ಒಳಕ್ಕೆ ಮಡಚಿ ಕಟ್ಟಿ ಶಾಲೆಗೆ ಕಳಿಸಿದೆ. ಆಮೇಲೆ ಅಕ್ಕಿನುಚ್ಚಿನ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಇವರ ಮುಂದಿಟ್ಟೆ. ಇವರು ಗೋಡೆಗೆ ಒರಗಿ ಕೂತು, ಎಡಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದು, ಬಲಗೈಯಲ್ಲಿ ಲೋಟ ಎತ್ತಿದರು. ರಾತ್ರಿ ಹೇಗೆ ಕಳೆಯಿತೆಂದು ನಾನು ಕೇಳುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಆ ಎಡಗೈ ನೋಡಿದರೆ ಸಾಕಿತ್ತು.

ನಾವಾಗ ಹೊಸನಗರದಲ್ಲಿ ಬಾಡಿಗೆಯ ಹಂಚಿನ ಮನೆಯಲ್ಲಿದ್ದೆವು. ಅರವತ್ತರ ದಶಕದ ಕೊನೆಯ ವರ್ಷಗಳು. ಶರಾವತಿಗೆ ಅಣೆಕಟ್ಟು ಆಗಿ ನೀರು ನಿಂತಿತ್ತು. ಗುಡ್ಡಗಳ ತಲೆಗಳಷ್ಟೇ ಮೇಲುಳಿದು ದ್ವೀಪಗಳಾಗಿದ್ದವು, ಅವುಗಳ ಮೇಲೆ ಅಲ್ಲೊಂದು ಇಲ್ಲೊಂದು ಮನೆ. ಆ ಮನೆಗಳವರಿಗೆ ಸಿಡುಬಿನ ಲಸಿಕೆ ಹಾಕಿಬರುವುದು ಇವರ ಕೆಲಸ. ರಸ್ತೆಗಳು ನೀರಿನೊಳಗೆ ಹೋಗಿದ್ದರಿಂದ ಕಚೇರಿಯವರು ಒಂದು ಸಣ್ಣ ಹಾಯಿದೋಣಿಯನ್ನು ಬಾಡಿಗೆಗೆ ಹಿಡಿದಿದ್ದರು. ನಡೆಸುವವನು ಕುಂದಾಪುರದ ಕಡೆಯ ಮಧ್ಯವಯಸ್ಸಿನ ಅಂಬಿಗ. ಒಮ್ಮೆ ಹೊರಟರೆ ನಾಲ್ಕು ದಿನ, ಮಲಗುವುದೂ ದೋಣಿಯಲ್ಲೇ. ದಂಡೆಗೆ ಇಳಿದು ಮೂರು ಕಲ್ಲಿಟ್ಟು ಬೇಯಿಸಿಕೊಳ್ಳೋಣವೆಂದರೆ ಅಲ್ಲಿ ಮೊಣಕಾಲುದ್ದ ಕೆಸರು, ಕೊಳೆಯುತ್ತಿರುವ ಮರದ ಬೊಡ್ಡೆಗಳು. ಮನೆಯಿದ್ದ ಕಡೆ ಯಾರಾದರೂ ಊಟಕ್ಕೆ ಕರೆದರೆ ಉಂಟು, ಇಲ್ಲದಿದ್ದರೆ ನಾನು ಕಟ್ಟಿಕೊಟ್ಟ ಅವಲಕ್ಕಿ.

ಎರಡು ವರ್ಷ ಅವಲಕ್ಕಿ ತಿಂದದ್ದಕ್ಕೆ ಹೊಟ್ಟೆಯಲ್ಲಿ ಹುಣ್ಣಾಯಿತು. ತೀರ್ಥಹಳ್ಳಿಯ ಡಾಕ್ಟರು ಬಿಳಿ ಔಷಧ ಕೊಟ್ಟು, ಮೂರು ಗಂಟೆಗೊಮ್ಮೆ ಬಿಸಿಯಾಗಿ ಮೆತ್ತಗಿನದೇನಾದರೂ ಹೊಟ್ಟೆಗೆ ಬೀಳಬೇಕು ಅಂದರು. ಬೀಳದಿದ್ದರೆ ಇನ್ನೊಂದು ತಿಂಗಳಲ್ಲಿ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ, ಅವರು ಕೊಯ್ಯುತ್ತಾರೆ ಎಂದೂ ಹೇಳಿದರು. ಹೇಳುವಾಗ ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು. ನಾನು ಆ ಮುಚ್ಚಳವನ್ನೇ ನೋಡುತ್ತಿದ್ದೆ.

ದೋಣಿಯಲ್ಲಿ ಗಂಜಿ ಬಿಸಿಯಾಗಬೇಕು, ದೋಣಿಗೆ ಬೆಂಕಿ ಬೀಳಬಾರದು. ಇಷ್ಟಕ್ಕಾಗಿ ನಾನು ಆರು ವಾರ ಓಡಾಡಿದೆ.

ಮೊದಲು ಥರ್ಮಾಸ್ ಫ್ಲಾಸ್ಕು. ಅದು ಎರಡನೇ ದಿನವೇ ದೋಣಿಯ ಅಡ್ಡಪಟ್ಟಿಗೆ ಬಡಿದು ಒಳಗೊಳಗೇ ಪುಡಿಯಾಯಿತು. ವಾಪಸು ಬಂದಾಗ ಅಲ್ಲಾಡಿಸಿದರೆ ಗೆಜ್ಜೆಯ ಹಾಗೆ ಸದ್ದು. ಆಮೇಲೆ ಸಾಗರಕ್ಕೆ ಹೋಗಿ ಬತ್ತಿಯ ಸೀಮೆಎಣ್ಣೆ ಸ್ಟೌ ತಂದೆ. ಮನೆಯಲ್ಲಿ ಅದು ಬಹಳ ಒಳ್ಳೆಯದು, ಸಾಧು ಹಸುವಿನ ಹಾಗೆ. ದೋಣಿ ಒಂದು ಪಕ್ಕಕ್ಕೆ ವಾಲಿದ ಕೂಡಲೇ ಎಣ್ಣೆಯೂ ಅದೇ ಪಕ್ಕಕ್ಕೆ ಸರಿದು, ಆ ಬದಿಯ ಬತ್ತಿಗಳೆಲ್ಲ ಮೊಳದುದ್ದ ಹಳದಿ ನಾಲಿಗೆ ಚಾಚಿದವಂತೆ. ಹಾಯಿಯ ಅಂಚು ಕಂದಿತ್ತು. ಗಂಜಿಯಲ್ಲಿ ಸೀಮೆಎಣ್ಣೆಯ ವಾಸನೆ. ಮೂರನೆಯದು ಆಸ್ಪತ್ರೆಯಿಂದ ಕೇಳಿ ತಂದ ಸ್ಪಿರಿಟ್ ದೀಪ. ಅದರ ಉರಿ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಆರಿದೆಯೆಂದು ಕೈಚಾಚಿದಾಗ ಇವರ ಅಂಗಿಯ ತೋಳು ಸುಟ್ಟಿತು. ಒಂದು ಲೋಟ ಬಿಸಿಯಾಗಲು ಅರ್ಧ ಗಂಟೆ ಬೇಕಾಗಿತ್ತು ಬೇರೆ.

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಸ್ಟೌ ಹಚ್ಚುವುದಕ್ಕೆಂದೇ ಒಂದು ಪೂರ್ತಿ ಪೀರಿಯಡ್ ಇಟ್ಟಿದ್ದರು. ತೋಳು ಮಡಚಿ, ಸೆರಗು ಸಿಕ್ಕಿಸಿ, ಉರಿಯುವ ಸ್ಟೌಗೆ ಎಂದೂ ಎಣ್ಣೆ ಸುರಿಯದೆ, ಗಾಳಿ ಆಡುವ ಜಾಗದಲ್ಲಿಟ್ಟು ಹಚ್ಚಬೇಕು. ನಾನು ಅದನ್ನೆಲ್ಲ ಇಂಗ್ಲಿಷಿನಲ್ಲಿ ಅಂದವಾಗಿ ಬರೆದುಕೊಂಡು ಹತ್ತಕ್ಕೆ ಒಂಬತ್ತು ಪಡೆದಿದ್ದೆ. ಮದುವೆಯಾಗಿ ಬಂದ ಮೇಲೆ ಹದಿನಾಲ್ಕು ವರ್ಷ ಅತ್ತೆಯ ಕೈಕೆಳಗೆ ಮಣ್ಣಿನ ಒಲೆ ಸಾರಿಸಿದೆ. ಇವೆರಡು ವಿದ್ಯೆಗಳಲ್ಲಿ ಕೈಗೆ ಇಳಿದದ್ದು ಎರಡನೆಯದು.

ಪಕ್ಕದ ಮನೆಯಾಕೆ ತೀರ್ಥಹಳ್ಳಿ ಕಡೆಯ ಗೌಡರ ಮನೆತನದವರು. ಅವರ ಯಜಮಾನರು ಇವರ ಕಚೇರಿಯಲ್ಲೇ ಗುಮಾಸ್ತರು. ಆಕೆಯ ಅಣ್ಣ ತೀರ್ಥಹಳ್ಳಿಯಲ್ಲಿ ಕೊಂಡು ಕೊಟ್ಟಿದ್ದ ಹಿತ್ತಾಳೆಯ ಪಂಪ್ ಸ್ಟೌ ಅವರ ಅಟ್ಟದ ಮೇಲಿತ್ತು. ಗಾಳಿಗೆ ಆರದು, ಎಣ್ಣೆ ಚೆಲ್ಲದು, ಐದು ನಿಮಿಷದಲ್ಲಿ ನೀರು ಕುದಿಯುತ್ತದೆ. ಹಿಡಿಸಿದರೆ ಅಂಥದ್ದೇ ಒಂದು ತಂದರಾಯಿತು ಎಂದು ಪರೀಕ್ಷೆಗೆ ಕೊಟ್ಟರು. ಅದರ ಸದ್ದಿಗೆ ತಮ್ಮ ಮನೆಯ ಬೆಕ್ಕು ಊರು ಬಿಟ್ಟಿತ್ತು ಎಂದೂ ಹೇಳಿದರು.

ಅದಕ್ಕಿದ್ದ ತೊಂದರೆಯೆಂದರೆ ಮೂರು ಸಪೂರ ಕಾಲು. ಹಲಗೆಯ ಮೇಲಿಟ್ಟು ಹಲಗೆ ಓರೆ ಮಾಡಿದರೆ ಜಾರುತ್ತಿತ್ತು. ನಮ್ಮ ಮನೆಗಳಲ್ಲಿ ಒಲೆ ಅಲುಗಾಡಿದರೆ ಏನು ಮಾಡುತ್ತೇವೆ? ಮಣ್ಣು ಮೆತ್ತುತ್ತೇವೆ. ನಾನೂ ಅದನ್ನೇ ಮಾಡಿದೆ. ಹುತ್ತದ ಮಣ್ಣು ತರಿಸಿ, ಹೊಟ್ಟು ಸೇರಿಸಿ ನಾದಿ, ಹಲಗೆಯ ಮೇಲೆ ಸ್ಟೌ ಕೂರಿಸಿ, ಅದರ ಹಿತ್ತಾಳೆಯ ಹೊಟ್ಟೆ ಪೂರ್ತಿ ಮುಚ್ಚುವ ಹಾಗೆ ಸುತ್ತಲೂ ಕಟ್ಟೆ ಕಟ್ಟಿದೆ. ಪಂಪಿನ ಹಿಡಿ ಮತ್ತು ಎಣ್ಣೆ ಹಾಕುವ ಬಾಯಿ ಮಾತ್ರ ಹೊರಗೆ. ಮೇಲೆ ಗಾಳಿಗೆ ಮರೆಯಾಗಿ ಡಬ್ಬಿಯ ತಗಡು ಕತ್ತರಿಸಿ ಬಳಸಿದೆ. ಎರಡು ದಿನ ಒಣಗಿಸಿ, ಸಗಣಿನೀರಿನಿಂದ ಸಾರಿಸಿ, ಅಭ್ಯಾಸಬಲದಿಂದ ಅದರ ಮುಂದೆ ರಂಗೋಲಿಯ ಎರಡು ಗೆರೆಯನ್ನೂ ಎಳೆದಿದ್ದೆ. ಅತ್ತೆ ಮುಟ್ಟಿ ನೋಡಿ ಈಗ ಒಲೆಯ ಹಾಗೆ ಕಾಣುತ್ತದೆ ಎಂದರು. ನನಗೆ ಸಣ್ಣ ಹೆಮ್ಮೆಯಾಯಿತು.

ಮೊದಲು ಹೇಳಿದ ಆ ದಿನದ ಮರುದಿನ ಇವರು ದೋಣಿಯಲ್ಲಿ ಹೊರಡುವುದಿತ್ತು, ಆದ್ದರಿಂದ ಅವತ್ತು ಕಚೇರಿಗೆ ಹೋಗಿರಲಿಲ್ಲ. ಗಂಜಿ ಕುಡಿದಾದ ಮೇಲೆ ಇಬ್ಬರೂ ಸೇರಿ ಸ್ಟೌವನ್ನು ಹಲಗೆ ಸಮೇತ ಎತ್ತಿ ಪಡಸಾಲೆಯ ತೂಗುಮಣೆಯ ಮೇಲಿಟ್ಟು ಹಗ್ಗದಿಂದ ಬಿಗಿದೆವು. ದೋಣಿ ಅಲುಗಿದಂತೆ ಅಲುಗಿಸಿ ನೋಡಲು ನಮ್ಮಲ್ಲಿ ಇದ್ದದ್ದು ಅದೊಂದೇ. ತೂಗುಮಣೆ ಅತ್ತೆಯ ಜಾಗ. ಅವರು ಚಾಪೆ ಮಡಚಿಕೊಂಡು ಎದ್ದು, ಬಾಗಿಲ ಬಳಿ ನಿಂತರು. ಅವರ ಮಾತು ಇವತ್ತೂ ಕಿವಿಯಲ್ಲಿದೆ.

“ಕೂಸೇ, ಒಲೆಯ ತೂಗದು ಎಂತಕ್ಕೆ? ಅದೆಂತ ಬಾಲೆಯಾ?”

ಸ್ಟೌ ಚೆನ್ನಾಗಿಯೇ ಹತ್ತಿತು. ನೀಲಿ ಹೂವಿನಂಥ ಉರಿ. ಪಾತ್ರೆಯಲ್ಲಿ ನೀರಿಟ್ಟೆ. ಇವರು ಸರಪಳಿ ಹಿಡಿದು ಮೆಲ್ಲಗೆ ಅತ್ತಿತ್ತ ತೂಗಿದರು, ಆಮೇಲೆ ಸ್ವಲ್ಪ ಜೋರಾಗಿ. ನೀರು ತುಳುಕಿತು, ಒಲೆ ಕದಲಲಿಲ್ಲ. ಇವರು ನನ್ನ ಕಡೆ ನೋಡಿ ನಕ್ಕರು. ಆರು ವಾರದಲ್ಲಿ ಮೊದಲ ಸಲ ನನಗೆ ಕೂತುಕೊಳ್ಳಬೇಕು ಅನ್ನಿಸಿತು, ಕಂಬಕ್ಕೊರಗಿ ಕೂತೆ.

ಹತ್ತು ನಿಮಿಷ ಆಗಿರಬಹುದು. ಸ್ಟೌವಿನ ಸದ್ದು ಬದಲಾಯಿತು. ಗುಂಯ್ ಎನ್ನುತ್ತಿದ್ದದ್ದು ತೆಳ್ಳಗಾಗುತ್ತ ಶಿಳ್ಳೆಯಂತಾಯಿತು. ಮಣ್ಣಿನ ಕಟ್ಟೆಯಲ್ಲಿ ಕೂದಲೆಳೆಯಷ್ಟು ಬಿರುಕು ಓಡುವುದನ್ನು ಕಂಡೆ. ಗಾಳಿ ಆಡುವ ಜಾಗ ಎಂಬ ಸಿಸ್ಟರ್ ಅವರ ಮಾತು ತಲೆಗೆ ಬರುವುದಕ್ಕೂ ಎಣ್ಣೆಯ ಬಾಯಿಂದ ಸೀಮೆಎಣ್ಣೆ ಸೂಜಿಯ ಹಾಗೆ ಚಿಮ್ಮುವುದಕ್ಕೂ ಸರಿಹೋಯಿತು. ನಾನೇ ಹೊದಿಸಿದ ಮಣ್ಣು, ನಾನೇ ಸುತ್ತಿದ ತಗಡು. ಒಳಗಿನ ಬಿಸಿ ಹೋಗುವುದೆಲ್ಲಿಗೆ? ಚಿಮ್ಮಿದ ಎಣ್ಣೆಗೆ ಉರಿ ತಾಗಿ ಬೆಂಕಿಯ ಗೆರೆಯೊಂದು ಇವರ ಪಂಚೆಯ ಅಂಚಿಗೆ ಬಿತ್ತು.

ನಾನು ಓಡಿಹೋಗಿ ತಂದದ್ದು ನೀರಿನ ಕೊಡ. ಎಣ್ಣೆಯ ಬೆಂಕಿಗೆ ನೀರು ಹಾಕಬಾರದೆಂದು ಅಚ್ಚುಕಟ್ಟಾಗಿ ಬರೆದಿದ್ದವಳು. ಅಷ್ಟರಲ್ಲಿ ಅತ್ತೆ ಬಚ್ಚಲಿನ ಬೂದಿಬುಟ್ಟಿಯನ್ನು ಎತ್ತಿ ತಂದು ಮಗನ ಕಾಲ ಮೇಲೂ ತೂಗುಮಣೆಯ ಮೇಲೂ ಕವುಚಿಯಾಗಿತ್ತು. ಬೂದಿಯ ಮೋಡದೊಳಗೆ ಮೂವರೂ ಕೆಮ್ಮುತ್ತ ನಿಂತೆವು. ಮೋಡ ಇಳಿದಾಗ ಪಂಚೆಯಲ್ಲಿ ಕೈಯಗಲದ ತೂತು, ಕಣಕಾಲಿನ ಮೇಲೆ ಕೆಂಪು ಬರೆ, ತೂಗುಮಣೆಯ ಮೂಲೆಯಲ್ಲಿ ಕಪ್ಪು ಕಲೆ. ಇಷ್ಟೇ. ಇದು ದೋಣಿಯಲ್ಲಿ ಆಗಿದ್ದರೆ ಎಂದು ಯಾರೂ ಹೇಳಲಿಲ್ಲ.

ಬರೆಗೆ ಜೇನುತುಪ್ಪ ಹಚ್ಚಿದೆ. ಪಡಸಾಲೆ ಗುಡಿಸಿದೆ, ಒರೆಸಿದೆ, ಮತ್ತೆ ಒರೆಸಿದೆ. ಬೂದಿ ಎಂಬುದು ಎಷ್ಟು ಒರೆಸಿದರೂ ಒಣಗಿದ ಮೇಲೆ ಮತ್ತೆ ಬಿಳಿ ಹೊಡೆಯುತ್ತದೆ. ಇವರು ಮೇಜಿನ ಬಳಿ ಕೂತು ಕಾಗದ ತೆಗೆದರು. ತೀರ್ಥಹಳ್ಳಿಯ ಆಸ್ಪತ್ರೆಗೆ ವರ್ಗ ಕೇಳುವ ಅರ್ಜಿ ಅದು, ಎರಡು ಸಾಲು ಬರೆದು ತಿಂಗಳಿನಿಂದ ಹಾಗೆಯೇ ಇತ್ತು. ಅಲ್ಲಿ ಕುರ್ಚಿ, ಫ್ಯಾನು, ರಿಜಿಸ್ಟರು ಇರುತ್ತವೆ, ಮಧ್ಯಾಹ್ನ ಮನೆಯ ಊಟ. ಇವರಿಗೆ ಬೇಡವಾಗಿತ್ತು. ದ್ವೀಪದ ಮನೆಗಳಿಗೆ ಬೇರೆ ಯಾರೂ ಹೋಗುವುದಿಲ್ಲ, ತಾನು ಬಿಟ್ಟರೆ ಆ ಮಕ್ಕಳ ತೋಳು ಹಾಗೆಯೇ ಉಳಿಯುತ್ತದೆ ಎನ್ನುತ್ತಿದ್ದರು. ಅದು ನಿಜವೇ. ಹಾಯಿಗೆ ಗಾಳಿ ತುಂಬಿದಾಗ ಇವರ ಮುಖ ಹೇಗಾಗುತ್ತದೆ ಎಂಬುದನ್ನು ನಾನು ಒಂದು ಸಲ ದಂಡೆಯಲ್ಲಿ ನಿಂತು ನೋಡಿದ್ದೆ, ಅದೂ ನಿಜವೇ. ಪೆನ್ನು ಕಾಗದದ ಮೇಲೆಯೇ ನಿಂತಿತ್ತು. ನಾನು ಕೈ ಒರೆಸಿಕೊಂಡು, ದೋಣಿಯನ್ನು ಒಮ್ಮೆ ಒಳಗಿನಿಂದ ನೋಡಬೇಕು ಅಂದೆ. ಆರು ವಾರ ದೋಣಿಗೆ ಒಲೆ ಹುಡುಕಿದವಳು ದೋಣಿಯೊಳಗೆ ಕಾಲಿಟ್ಟಿರಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಹೋಗಿ, ಇಳಿದು ಒಂದು ಮೈಲಿ ನಡೆದೆವು. ಇವರು ಸುಟ್ಟ ಕಾಲನ್ನು ಸ್ವಲ್ಪ ಎಳೆಯುತ್ತಿದ್ದರು. ಬೇಸಿಗೆಗೆ ನೀರು ತಗ್ಗಿತ್ತು. ಒಣಮರಗಳು ಮುಳುಗಿದವರ ಕೈಗಳಂತೆ ನೀರಿನಿಂದ ಮೇಲೆ ಚಾಚಿದ್ದವು. ಕೆಸರಿನ ಮೇಲೆ ಹಾಸಿದ್ದ ಹಲಗೆಯ ಮೇಲೆ ನಡೆದು, ಅಂಬಿಗನ ಕೈ ಹಿಡಿಯದೆ, ಅವನು ಚಾಚಿದ ಹುಟ್ಟು ಹಿಡಿದು ದೋಣಿಗೆ ಹತ್ತಿದೆ.

ಹತ್ತಿದವಳಿಗೆ ಮೊದಲು ಕಂಡದ್ದೇ ಒಲೆ.

ಹಿಂಭಾಗದಲ್ಲಿ, ಗಾಳಿಗೆ ಮರೆಯಾಗಿ, ಒಂದು ಗಟ್ಟಿ ಮರದ ಪೆಟ್ಟಿಗೆ. ಅದರ ತುಂಬ ಗೇಣುದ್ದ ಮರಳು. ಮರಳಿನಲ್ಲಿ ಅರ್ಧ ಹೂತ ಮಣ್ಣಿನ ಶೇಗಡಿ, ಅದರಲ್ಲಿ ಇನ್ನೂ ಆರದ ಇದ್ದಿಲು. ಮೇಲೆ ಪಾತ್ರೆ ಕದಲದ ಹಾಗೆ ನಾಲ್ಕು ಕಡೆಯೂ ಕಬ್ಬಿಣದ ಕಡ್ಡಿ. ಪಕ್ಕದಲ್ಲಿ ಬೋರಲು ಹಾಕಿದ ಒಂದು ತಗಡಿನ ಬುಟ್ಟಿ, ಅದು ಕಿಡಿ ಹಾರದಂತೆ ಮುಚ್ಚಲು. ಎಲ್ಲವೂ ಬಳಸಿ ಬಳಸಿ ನಯವಾಗಿತ್ತು. ನಾನು ಸೆರಗು ಸಿಕ್ಕಿಸಿ ಬಗ್ಗಿ, ಶೇಗಡಿಯನ್ನು ಒಂದು ಕಡೆಯಿಂದ ತಳ್ಳಿದೆ. ಮರಳು ಅದನ್ನು ಬಿಡಲಿಲ್ಲ. ದೋಣಿ ವಾಲುವಂತೆ ಅಂಬಿಗ ಅಂಚಿನ ಮೇಲೆ ನಿಂತು ತೋರಿಸಿದ. ಒಂದು ಕೆಂಡ ಉರುಳಿ ಮರಳಿಗೆ ಬಿದ್ದು, ಅಲ್ಲೇ ಕಣ್ಣು ಮುಚ್ಚಿತು.

ತನ್ನಪ್ಪನ ಕಾಲದಿಂದ ಸಮುದ್ರದಲ್ಲೂ ಹೀಗೆಯೇ ಎಂದು ಅವನು ವಿವರಿಸಿದ. ಒಲೆಯ ಬದಿಯಲ್ಲಿ ತೊಳೆದು ಕವುಚಿದ್ದ ಮಡಕೆಯಿಂದ ಮೀನಿನ ವಾಸನೆ ಬರುತ್ತಿತ್ತು. ಆಗ ಗೊತ್ತಾಯಿತು. ಎರಡು ವರ್ಷ ಇವರು ಈ ಒಲೆಯಿಂದ ನಾಲ್ಕು ಮೊಳ ದೂರ ಕೂತು ತಣ್ಣಗಿನ ಅವಲಕ್ಕಿ ತಿಂದಿದ್ದರು. ಆರು ವಾರದಲ್ಲಿ ಒಂದು ದಿನವೂ, ದೋಣಿಯಲ್ಲಿ ಒಲೆ ಇದೆ ಎಂದು ಮನೆಯಲ್ಲಿ ಹೇಳಿರಲಿಲ್ಲ. ಮೀನು ಬೇಯಿಸಿದ ಒಲೆ ನಮ್ಮ ಲೆಕ್ಕದಲ್ಲಿ ಒಲೆಯೇ ಅಲ್ಲ. ಹೇಳಿದ್ದರೂ ನಾನು ಕೇಳಿಸಿಕೊಳ್ಳುತ್ತಿದ್ದೆನೋ ಇಲ್ಲವೋ.

ಇಂಥದ್ದೇ ಇನ್ನೊಂದು ಪೆಟ್ಟಿಗೆ, ಬೇರೆ ಮರಳು, ಬೇರೆ ಶೇಗಡಿ ನಮಗೆಂದು ಮಾಡಿಸಿಕೊಡಲು ಆಗುತ್ತದೆಯೇ ಎಂದು ಕೇಳಿದೆ. ಅಂಬಿಗ ಹಾಯಿಯ ಹಗ್ಗ ಸುತ್ತುತ್ತ, ಬೇಸರವಿಲ್ಲದೆ ಹೇಳಿದ.

“ಸಣ್ ದೋಣಿಗ್ ಎರಡ್ ಒಲಿ ಆಪುದಿಲ್ಲ ಅಮ್ಮ. ಒಂದ್ ಬೆಂಕಿ ಕಾಂಬುಕೆ ಒಂದ್ ಕೈ ಬೇಕ್. ಇನ್ನೊಂದ್ ಕೈ ಹಾಯಿಗ್ ಬೇಕಲ್ದಾ?”

ನಾನು ಅಡ್ಡಪಟ್ಟಿಯ ಮೇಲೆ ಕೂತೆ. ಬಸ್ಸು ಬಿಟ್ಟರೆ ಬೆಳಗಿನಿಂದ ಕೂತದ್ದು ಅದು ಎರಡನೇ ಸಲ. ಕಾಲಿನ ಬೆರಳ ಸಂದಿಯಲ್ಲಿ ಇನ್ನೂ ಬೂದಿ ಇತ್ತು. ಇವರು ನೀರಿನ ಕಡೆ ಮುಖ ಮಾಡಿದ್ದರು. ಇನ್ನೊಂದು ಅಂಗಡಿ, ಇನ್ನೊಂದು ಬಸ್ಸು, ಇನ್ನೊಂದು ಸ್ಟೌ ಎಂದು ಯೋಚಿಸಲು ನನ್ನಿಂದ ಆಗಲಿಲ್ಲ. ಧೈರ್ಯದಿಂದ ನಿರ್ಧಾರ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ದಣಿದಿದ್ದೆ. ದಣಿದವರಿಗೆ ಹೇಗೆ ಮಾತು ಬಾಯಿಂದ ಜಾರುತ್ತದೋ ಹಾಗೆ, ನಾಳೆಯಿಂದ ರಾಯರಿಗೂ ನೀನೇ ಗಂಜಿ ಕಾಯಿಸಿ ಕೊಡುತ್ತೀಯಾ ಎಂದು ಅಂಬಿಗನನ್ನು ಕೇಳಿದೆ. ಹೊಸ ಪಾತ್ರೆ ಕೊಡುತ್ತೇನೆ, ನುಚ್ಚು ಕೊಡುತ್ತೇನೆ, ಮೂರು ಗಂಟೆಗೊಮ್ಮೆ ಆಗಬೇಕು, ತೆಳ್ಳಗಿರಬೇಕು ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಇವರ ಬೆನ್ನಿನ ಕಡೆ ನೋಡಿದ. ಇವರು ತಿರುಗಲಿಲ್ಲ.

“ಅದ್ಕೆಂತ ಅಮ್ಮ,” ಅಂದ. “ಕೊಡುವ.”

ವಾಪಸು ಬರುವಾಗ ಬಸ್ಸಿನಲ್ಲಿ ಇವರು ನನ್ನ ಪಕ್ಕವೇ ಕೂತು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು. ನನಗೆ ಅದು ಕೋಪವೋ ಸಮಾಧಾನವೋ ತಿಳಿಯಲಿಲ್ಲ. ಮನೆಯಲ್ಲಿ ಅತ್ತೆ ಸುಟ್ಟ ಪಂಚೆಗೆ ತೇಪೆ ಹಾಕುತ್ತಿದ್ದರು. ದೋಣಿಯಲ್ಲಿ ಮರಳಿನ ಮೇಲೆ ಒಂದು ಶೇಗಡಿ ಇದೆ, ಅದಕ್ಕಿಂತ ಕ್ಷೇಮದ ಒಲೆ ಬೇರೆ ಸಿಗುವುದಿಲ್ಲ ಎಂದು ಹೇಳಿದೆ. ಯಾರ ಶೇಗಡಿ ಎಂದು ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ನೂಲನ್ನು ಹಲ್ಲಿನಿಂದ ಕಡಿದರು.

“ಎಂತ ಬೇಕಾದ್ರೂ ಮಾಡು, ಕೂಸೇ. ಅವನ ಹೊಟ್ಟೆ ನೋವು ಹೋದ್ರೆ ಸಾಕು. ಎನಗೆ ಮಾತ್ರ ಹೇಳಡ.”

ಆ ಮಾತನ್ನು ಹೇಳದೆ ಅಲ್ಲೇ ಬಿಟ್ಟು, ನಾಳೆಗೆ ಬೇಕಾದ ನುಚ್ಚನ್ನು ಅಳೆದು ಕಟ್ಟಿಟ್ಟೆ.

ಸಂಜೆ ಹಿತ್ತಲ ಕಟ್ಟೆಯಲ್ಲಿ ಕೂತು ಪಂಪ್ ಸ್ಟೌವಿನ ಮಣ್ಣನ್ನು ತೊಳೆದೆ. ಕಟ್ಟೆ ಕಟ್ಟುವಾಗ ಹಿಡಿದದ್ದಕ್ಕಿಂತ ಬಿಡಿಸುವಾಗ ಹೆಚ್ಚು ಹೊತ್ತು ಹಿಡಿಯಿತು. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಹಿತ್ತಾಳೆ ಹೊಳೆಯಿತು, ಎಣ್ಣೆಯ ಬಾಯಿಯ ಸುತ್ತ ಮಾತ್ರ ಒಂದು ಕಂದು ಕಲೆ ಹೋಗಲಿಲ್ಲ. ಅದನ್ನು ಸೆರಗಿನಲ್ಲಿ ಒರೆಸುತ್ತಲೇ ಪಕ್ಕದ ಮನೆಗೆ ಕೊಂಡುಹೋದೆ. ಆಕೆ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಬೆಳಗಿನ ಕಥೆ ಹೇಳಿ, ಕಲೆ ತೋರಿಸಿ, ಕ್ಷಮಿಸಿ ಅಂದೆ. ಹೋಗಲಿ ಬಿಡಿ ಅಕ್ಕ, ಅದಕ್ಕೂ ಅಟ್ಟದ ಮೇಲೆ ಒಂದೇ ಕೂತು ಬೇಜಾರಾಗಿತ್ತು ಎಂದು ನಕ್ಕು, ಸ್ಟೌವನ್ನು ನೋಡದೆಯೇ ಪಕ್ಕಕ್ಕೆ ಸರಿಸಿದರು. ಹಾಗಾದರೆ ದೋಣಿಗೆ ಏನು ಮಾಡಿದಿರಿ ಎಂದು ಕೇಳಿದರು.

ಅವರ ಮುಂದೆ ಮುಚ್ಚಿಡಬೇಕಾದ್ದೇನೂ ಇರಲಿಲ್ಲ, ಅವರ ಮನೆಯಲ್ಲಿ ಮೀನು ಬೇಯುತ್ತದೆ. ಆದರೂ ದನಿ ತಗ್ಗಿಸಿಯೇ, ನಾಳೆಯಿಂದ ಅಂಬಿಗನ ಒಲೆಯಲ್ಲೇ ಗಂಜಿ, ಅವನೇ ಮಾಡಿಕೊಡುತ್ತಾನೆ, ಇವರು ಏನೂ ಹೇಳಲಿಲ್ಲ, ಉಣ್ಣುತ್ತಾರೋ ಇಲ್ಲವೋ ಎಂದು ನನಗೆ ಅದೇ ಯೋಚನೆ ಎಂದೆ.

ಆಕೆ ಮೊರವನ್ನು ಒಮ್ಮೆ ಕೇರಿ, ಒಂದು ಕಲ್ಲನ್ನು ಎತ್ತಿ ಅಂಗಳಕ್ಕೆ ಎಸೆದರು.

“ಉಣ್ದೇ ಏನು? ಅವ್ನ ಗಂಜಿಗೆ ಉಪ್ಪು ಸ್ವಲ್ಪ ಮುಂದು ಅಂತ, ಹೋದ್ ಸಲ ದೋಣಿಯಿಂದ ಬಂದಾಗ ನಿಮ್ಮನೆಯವ್ರೇ ನಮ್ಮನೆಯವ್ರ ಹತ್ರ ಹೇಳ್ತಿದ್ರಲ್ಲ.”